ನೀರು ಸರಿಯಾಗಿತ್ತು

ಬೆಳಿಗ್ಗೆ ಐದು ಗಂಟೆ ಐವತ್ತು ನಿಮಿಷಕ್ಕೆ ಪಾಯಿಂಟಣ್ಣ ಬೀದಿಯ ಕಟ್ಟಕಡೆಯ ನಲ್ಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಗಾಜಿನ ಸಣ್ಣ ನಳಿಗೆಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಬೀದಿದೀಪ ಇನ್ನೂ ಆರಿರಲಿಲ್ಲ. ನಳಿಗೆಯ ನೀರಿಗೆ ಸೀಸೆಯಿಂದ ಬಿಟ್ಟ ಔಷಧ ನಿಧಾನವಾಗಿ ಬೆರೆತು, ನಿಂಬೆರಸ ಹಿಂಡಿದಂಥ ತೆಳು ಹಳದಿ ಮೂಡಿತು. ಅದನ್ನು ಪೆಟ್ಟಿಗೆಯಲ್ಲಿದ್ದ ಬಣ್ಣದ ಗಾಜುಗಳ ಪಕ್ಕದಲ್ಲಿಟ್ಟು ಹೋಲಿಸಿ, ಕೇಳುವವರು ಯಾರೂ ಇಲ್ಲದಿದ್ದರೂ, ಹಾಜರಿ ಕೂಗುವ ಮೇಷ್ಟರ ಹಾಗೆ ಗಟ್ಟಿಯಾಗಿ ಹೇಳಿದ:

"ಪಾಯಿಂಟ್ ಟೂ."

ಅದೇ ಹೊತ್ತಿಗೆ ಮನೆಯಲ್ಲಿ ಅವನ ಮೊಮ್ಮಗಳು ಮೊದಲ ಸಲ ವಾಂತಿ ಮಾಡಿಕೊಂಡಿದ್ದಳು. ಅದು ಅವನಿಗೆ ಇನ್ನೂ ಗೊತ್ತಿರಲಿಲ್ಲ.

ನೀರು ಸರಬರಾಜು ಕಚೇರಿಯಲ್ಲಿ ಅವನದು ನೀರು ಪರೀಕ್ಷೆ ಮಾಡುವ ಕೆಲಸ. ಟ್ಯಾಂಕಿನ ಹತ್ತಿರ ನೀರಿಗೆ ಕ್ಲೋರಿನ್ ಬೆರೆಸುತ್ತಾರೆ. ಕೊಳವೆಯಲ್ಲಿ ಹರಿಯುತ್ತ ಬರುವಾಗ ಅದು ಸಿಕ್ಕಿದ ಕೊಳೆಯನ್ನೆಲ್ಲ ಸುಡುತ್ತದೆ, ಸುಡುತ್ತ ಸುಡುತ್ತ ತಾನೂ ಖರ್ಚಾಗುತ್ತದೆ. ಕೊನೆಯ ನಲ್ಲಿಗೆ ಮುಟ್ಟಿದಾಗಲೂ ಅದರಲ್ಲಿ ಒಂದಿಷ್ಟು ಉಳಿದಿದ್ದರೆ ಆ ನೀರನ್ನು ನಂಬಬಹುದು. ಏನೂ ಉಳಿಯದಿದ್ದರೆ ನಡುವೆ ಎಲ್ಲೋ ಕೊಳಚೆ ಸೇರಿದೆ ಎಂದರ್ಥ. ಉಳಿದದ್ದು ಎಷ್ಟು ಎಂದು ನೋಡಿ ಹೇಳುವುದೇ ಅವನ ಉದ್ಯೋಗ. ಪಾಯಿಂಟ್ ಟೂ, ಪಾಯಿಂಟ್ ತ್ರೀ ಎಂದು ಬೀದಿ ಬೀದಿಯಲ್ಲಿ ಕೂಗುತ್ತ ಹೋಗುವವನಿಗೆ ಜನ ಇಟ್ಟ ಹೆಸರು ಪಾಯಿಂಟಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಂದು ಘಟನೆ ನಡೆದಿತ್ತು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಮನೆಗೊಬ್ಬರಂತೆ ವಾಂತಿಭೇದಿ ಹಿಡಿದು ಮಲಗಿದರು. ಎಂಜಿನಿಯರುಗಳು ಟ್ಯಾಂಕಿನ ಸುತ್ತ ನಿಂತು ತಲೆ ಕೆರೆದುಕೊಂಡರು. ಆಗಿನ್ನೂ ಮೀಸೆ ಸರಿಯಾಗಿ ಬಲಿಯದ ಈ ಹುಡುಗ ನಳಿಗೆ ಹಿಡಿದು ನಲ್ಲಿಯಿಂದ ನಲ್ಲಿಗೆ ನಡೆದ. ದರ್ಜಿಯ ಅಂಗಡಿಯ ನಲ್ಲಿಯಲ್ಲಿ ಹಳದಿ ಮೂಡಿತು. ಅದರ ಮುಂದಿನ ನಲ್ಲಿಯಲ್ಲಿ ಮೂಡಲಿಲ್ಲ. ಎರಡರ ನಡುವೆ ಚರಂಡಿ ದಾಟುವ ಜಾಗದಲ್ಲಿ ಅಗೆಸಿದರೆ, ಕೊಳವೆ ಕೈಬೆರಳು ತೂರುವಷ್ಟು ಸೀಳಿತ್ತು. ಅದನ್ನು ಸರಿಪಡಿಸಿದ ಮೇಲೆ ವಾರದೊಳಗೆ ಬೀದಿ ಎದ್ದು ಕೂತಿತು. ಒಬ್ಬ ಹೆಂಗಸು ತನ್ನ ಕೂಸನ್ನು ತಂದು ಅವನ ಕೈಗೆ ಕೊಟ್ಟು, "ನೀವೇ ಉಳಿಸಿದ್ದು ನೋಡಿ, ಒಂದ್ಸಲ ಎತ್ಕೊಳಿ" ಎಂದಿದ್ದಳು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಕಂಡು ನಾವು ನಗುತ್ತೇವೆ. ಪಾಯಿಂಟಣ್ಣನ ಕಷ್ಟವೇನೆಂದರೆ, ಅವನು ಹಿಡಿದ ಮೊದಲ ಮೊಲಕ್ಕೆ ನಿಜವಾಗಿಯೂ ಮೂರೇ ಕಾಲಿತ್ತು. ಅಂದಿನಿಂದ ಅವನ ಲೆಕ್ಕ ಸರಳ: ಭೇದಿ ಎಂದರೆ ನೀರು, ನೀರು ಎಂದರೆ ತಾನು.

ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿದ್ದವರು ಅವನು, ಮಗಳು, ಮಗಳ ಕೂಸು. ಅಳಿಯ ದೂರದ ದಾರಿಯ ಲಾರಿ ಓಡಿಸುತ್ತಿದ್ದ. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಎರಡು ಕೋಣೆ. ಮುಂದಿನ ಕೋಣೆಯ ಕಿಟಕಿಯ ಪಕ್ಕ ಮಗಳ ಹೊಲಿಗೆ ಯಂತ್ರ. ಶಾಲೆ ಚೀಲಗಳಿಗೆ ಜಿಪ್ಪು ಕೂರಿಸಿ ಕೊಡುವುದು ಅವಳ ಕೆಲಸ. ಕೋಣೆಯ ಮೂಲೆಯಲ್ಲಿ ನೀಲಿ, ಕೆಂಪು ಚೀಲಗಳು ಬಾಯಿ ತೆರೆದುಕೊಂಡು ಗುಡ್ಡೆ ಬಿದ್ದಿರುತ್ತಿದ್ದವು. ಕೂಸಿಗೆ ಕೆನ್ನೆ, ಮೊಣಕೈ, ಮಣಿಕಟ್ಟು ಎಲ್ಲ ಕಡೆ ಮಡಿಕೆ ಬಿದ್ದ ಮೈ. ಹಾಗಾಗಿ ಹೆಣ್ಣಾದರೂ ಎಲ್ಲರಿಗೂ ಅವಳು ಗುಂಡು.

ಆ ಮನೆಯಲ್ಲಿ ನೀರಿಗಿದ್ದ ಮರ್ಯಾದೆ ಬಂದ ನೆಂಟರಿಗೂ ಇರಲಿಲ್ಲ. ಪರೀಕ್ಷೆಯಲ್ಲಿ ಪಾಸಾದ ನೀರನ್ನೂ ಪಾಯಿಂಟಣ್ಣ ಕುದಿಸುತ್ತಿದ್ದ, ಸೋಸುತ್ತಿದ್ದ, ಸ್ಟೀಲಿನ ಬಿಂದಿಗೆಗೆ ತುಂಬಿ ಮುಚ್ಚಳದ ಮೇಲೆ ಭಾರವಿಡುತ್ತಿದ್ದ. ಲೋಟ ಮುಳುಗಿಸಿದವರಿಗೆ ಬೈಗುಳ ಗ್ಯಾರಂಟಿ. "ನಿಮ್ಮನೇಲಿ ನೀರು ಕುಡಿಯೋಕೆ ಅರ್ಜಿ ಹಾಕ್ಬೇಕಲ್ಲಣ್ಣ" ಎಂದು ಚಾವಿ ಹಾಸ್ಯ ಮಾಡುತ್ತಿದ್ದ.

ಚಾವಿ ಎಂದರೆ ಅದೇ ಕಚೇರಿಯ ವಾಲ್ವ್ ತಿರುಗಿಸುವವನು. ಆಳೆತ್ತರದ ಕಬ್ಬಿಣದ ಚಾವಿಯನ್ನು ಹೆಗಲ ಮೇಲಿಟ್ಟುಕೊಂಡು ಬೀದಿಗಳಿಗೆ ನೀರು ಬಿಡುವುದು, ನಿಲ್ಲಿಸುವುದು ಅವನ ಕೆಲಸ. ಪಾಯಿಂಟಣ್ಣನಿಗಿಂತ ಐದಾರು ವರ್ಷ ಚಿಕ್ಕವನು, ಓದು ಕಡಿಮೆ, ಮಾತು ಹೆಚ್ಚು. ಅವನಿಗೂ ಗುಂಡುವಿನ ವಾರಿಗೆಯ ಒಬ್ಬ ಮೊಮ್ಮಗನಿದ್ದ.

ಗುಂಡುವಿಗೆ ಆರು ವಾರ ತುಂಬಿದಾಗ ಪಾಯಿಂಟಣ್ಣನೇ ತಾಯಿ ಮಗುವನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಿದ್ದ. ಉದ್ದನೆಯ ಬೆಂಚು, ತೂಕದ ತಕ್ಕಡಿ, ಮಂಜುಗಡ್ಡೆಯ ಪೆಟ್ಟಿಗೆ ಮುಂದಿಟ್ಟುಕೊಂಡು ಕೂತ ನರ್ಸಮ್ಮ. ಬೆಂಚಿನ ತುಂಬ ತಾಯಂದಿರು. ಸೂಜಿಮದ್ದು ಎಲ್ಲ ಆದ ಮೇಲೆ ನರ್ಸಮ್ಮ ಪುಟ್ಟ ಸೀಸೆಯೊಂದನ್ನು ಎತ್ತಿಕೊಂಡಳು.

"ಇದು ಬಾಯಿಗೆ ಹಾಕೋ ಹನಿ. ರೋಟಾ ಅಂತ ಒಂದು ವೈರಸ್ ಇದೆ, ಮಕ್ಕಳಿಗೆ ಜೋರು ವಾಂತಿಭೇದಿ ಬರ್ಸುತ್ತೆ. ಅದಕ್ಕಿದು."

"ಭೇದಿಗೂ ಲಸಿಕೇನಾ?" ಪಾಯಿಂಟಣ್ಣನ ಮೀಸೆ ಅರಳಿತು. "ಭೇದಿಗೆ ನಾನಿದ್ದೀನಲ್ಲ ಸಿಸ್ಟರಮ್ಮ! ಇಡೀ ಊರಿಗೆ ದಿನಾ ಬೆಳಿಗ್ಗೆ ನಾನೇ ಹನಿ ಹಾಕ್ತೀನಿ."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನರ್ಸಮ್ಮನೂ ನಕ್ಕಳು, ಆದರೆ ಸೀಸೆಯನ್ನು ಕೆಳಗಿಡಲಿಲ್ಲ.

"ಇದು ಬರೀ ನೀರಿನಿಂದ ಬರೋದಲ್ಲ ಯಜಮಾನ್ರೇ. ಕೈಯಿಂದ ಬರುತ್ತೆ, ಆಟದ ಸಾಮಾನಿಂದ ಬರುತ್ತೆ. ಎಷ್ಟು ಚೊಕ್ಕಟ ಇದ್ರೂ ಬರುತ್ತೆ. ಅರಮನೆ ಮಗೂನೂ ಬಿಡಲ್ಲ."

"ಅರಮನೆ ನೀರು ನಾನು ನೋಡಿಲ್ಲ. ನಮ್ಮನೆ ನೀರು ನೋಡಿದೀನಿ. ಅಷ್ಟು ಸಣ್ಣ ಹೊಟ್ಟೆಗೆ ಬೇಡದ ಔಷಧ ಯಾಕೆ? ಬಿಡಿ."

ಮಗಳು ಅಪ್ಪನ ಮುಖ ನೋಡಿದಳು. ಹುಟ್ಟಿದಾಗಿನಿಂದ ನೀರಿನ ವಿಷಯದಲ್ಲಿ ಅವನ ಮಾತೇ ಕೊನೆಯ ಮಾತು ಎಂದು ಬೆಳೆದವಳು. ಸುಮ್ಮನೆ ಮಗುವಿಗೆ ಟೋಪಿ ಹಾಕಿದಳು.

ಎರಡನೆಯ ಸಲ ಅವಳೊಬ್ಬಳೇ ಹೋಗಿ ಬಂದಳು. ಊಟ ಬಡಿಸುತ್ತ ಹೇಳಿದಳು: "ಅಪ್ಪಾ, ಆ ಹನಿ ವಿಷಯ ಸಿಸ್ಟರ್ ಮತ್ತೆ ಹೇಳಿದ್ರು. ಹದಿನೈದು ವಾರದ ಒಳಗೆ ಶುರು ಮಾಡ್ಬೇಕಂತೆ. ಆಮೇಲೆ ಹಾಕಲ್ವಂತೆ."

"ಆಮೇಲೆ ಯಾಕೆ ಹಾಕಲ್ಲ? ಆಮೇಲೆ ಭೇದಿ ಬರಲ್ವಂತಾ?"

"ನಂಗೇನ್ ಗೊತ್ತು. ಹಾಕ್ಸೋಣ್ವಾ ಅಂತ ಕೇಳ್ದೆ."

"ನೋಡೋಣ" ಎಂದ ಪಾಯಿಂಟಣ್ಣ. ನೋಡೋಣ ಎಂದರೆ ಬೇಡ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮೂರನೆಯ ಸಲದ ವಾರ ಮುಖ್ಯ ಕೊಳವೆ ಒಡೆದು ಅರ್ಧ ಊರಿಗೆ ನೀರು ನಿಂತಿತು. "ಬಸ್ಸಲ್ಲಿ ನೂಕಾಟದಲ್ಲಿ ಹೋಗ್ಬೇಡ, ಮುಂದಿನ ವಾರ ನಾನೇ ಬಿಡ್ತೀನಿ" ಎಂದ. ಮುಂದಿನ ವಾರ ಹೊಸ ಕೊಳವೆ ತೊಳೆಯುವ ಕೆಲಸ. ಕೊನೆಗೆ ಅವಳೇ ಬಸ್ಸಿನಲ್ಲಿ ಹೋದಳು. ಹೋದವಳು, ಅಪ್ಪನಿಗೆ ಹೇಳದೆ, ಜೀವನದಲ್ಲಿ ಮೊದಲ ಬಾರಿಗೆ ನೀರಿಗೆ ಸಂಬಂಧಪಟ್ಟ ವಿಷಯದಲ್ಲಿ ಸ್ವಂತ ತೀರ್ಮಾನ ಮಾಡಿದಳು. "ಆ ಹನಿ ಹಾಕ್ಬಿಡಿ ಸಿಸ್ಟರ್."

ನರ್ಸಮ್ಮ ಹುಟ್ಟಿದ ತಾರೀಖು ನೋಡಿ ಬೆರಳು ಮಡಿಸಿದಳು. ಗುಂಡುವಿಗೆ ಹದಿನಾರು ವಾರ ತುಂಬಿ ಎರಡು ದಿನವಾಗಿತ್ತು.

"ಹೋದ ವಾರ ಬಂದಿದ್ರೂ ಒಂದು ದಾರಿ ಹುಡುಕ್ತಿದ್ನೇನೋ. ಈಗ ಶುರು ಮಾಡೋ ಹಾಗಿಲ್ಲಮ್ಮ. ದೊಡ್ಡದಾದ ಮೇಲೆ ಮೊದಲನೇ ಸಲ ಹಾಕಿದ್ರೆ, ಅಪರೂಪಕ್ಕೆ ಕರುಳಿಗೆ ತೊಂದರೆ ಆಗೋ ಭಯ ಇದೆ. ಅದಕ್ಕೇ ನಮ್ಮಲ್ಲಿ ಈ ಗಡುವು."

ಮನೆಗೆ ಬಂದು ಅವಳು ಇದನ್ನು ಹೇಳಿದಾಗ ಪಾಯಿಂಟಣ್ಣನಿಗೆ ಸಿಟ್ಟೇನೂ ಬರಲಿಲ್ಲ. "ಒಳ್ಳೇದೇ ಆಯ್ತು ಬಿಡು, ಪೀಡೆ ಕಳೀತು" ಎಂದ. ಅವಳು ಯಂತ್ರದ ಮುಂದೆ ಕೂತು, ಒಂದು ನೀಲಿ ಚೀಲಕ್ಕೆ ಜಿಪ್ಪನ್ನು ತಲೆಕೆಳಗಾಗಿ ಹೊಲಿದು, ಮತ್ತೆ ಬಿಚ್ಚಿದಳು.

ಅದಾದ ಆರು ತಿಂಗಳು ಏನೂ ಆಗಲಿಲ್ಲ. ಗುಂಡು ಕೂರುವುದನ್ನು ಕಲಿತಳು, ತೆವಳುವುದನ್ನು ಕಲಿತಳು, ಅಜ್ಜನ ಪೆಟ್ಟಿಗೆಯ ಕೊಂಡಿ ತೆಗೆಯುವುದನ್ನು ಕಲಿತಳು. ಅವನು ಸಂಜೆ ನಳಿಗೆ ತೊಳೆಯುವಾಗ ಪಕ್ಕದಲ್ಲಿ ಕೂತು, ಅವನು "ಪಾಯಿಂಟ್" ಎಂದರೆ ಸಾಕು, ಕುಲುಕುಲು ನಗುತ್ತಿದ್ದಳು. ಆ ಒಂದು ಶಬ್ದದಲ್ಲಿ ಅಷ್ಟು ನಗುವಂಥದ್ದು ಏನಿದೆ ಎಂದು ಅವನಿಗೆ ಕೊನೆಗೂ ತಿಳಿಯಲಿಲ್ಲ. ನಗಿಸುವುದಕ್ಕೆಂದೇ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ.

ಹೀಗಿರುವಾಗ ಬಂತು ಆ ಬೆಳಿಗ್ಗೆ.

ಕೊನೆಯ ನಲ್ಲಿ ನೋಡಿಕೊಂಡು ಮನೆಗೆ ಬಂದರೆ ಮಗಳು ಬಾಗಿಲಲ್ಲೇ ನಿಂತಿದ್ದಳು. ಹೆಗಲ ಮೇಲೆ ಗುಂಡು. ಇಬ್ಬರ ಬಟ್ಟೆಯ ಮೇಲೂ ಹಾಲಿನ ಕಲೆ.

"ಮೂರು ಸಲ ಕಾರ್ಕೊಂಡ್ಳು. ಈಗ ಭೇದಿನೂ ಶುರುವಾಗಿದೆ. ನೀರು ನೀರು ಹೋಗ್ತಿದೆ ಅಪ್ಪಾ."

ಬೇರೆ ಯಾವ ಅಜ್ಜನಾದರೂ ಮಗುವನ್ನು ಎತ್ತಿಕೊಳ್ಳುತ್ತಿದ್ದ. ಪಾಯಿಂಟಣ್ಣನ ಕೈ ಪೆಟ್ಟಿಗೆಗೆ ಹೋಯಿತು. ಪ್ರೀತಿ ಇಲ್ಲದೆ ಅಲ್ಲ. ಅವನಿಗೆ ಗೊತ್ತಿದ್ದ ಪ್ರೀತಿ ಅದೊಂದೇ. ತನ್ನ ನೀರಿನಲ್ಲಿ ಏನೋ ಸೇರಿದೆ. ಎಲ್ಲೋ ಕೊಳವೆ ಸೀಳಿದೆ. ಇವತ್ತು ಇವಳು, ನಾಳೆ ಬೀದಿಯ ಇನ್ನಷ್ಟು ಮಕ್ಕಳು. ಕುದಿಸಿದ ನೀರಿನಲ್ಲಿ ಕ್ಲೋರಿನ್ ಉಳಿಯದು, ಹಾಗಾಗಿ ಬಿಂದಿಗೆಯ ನೀರನ್ನು ಮೂಸಿ, ಬೆಳಕಿಗೆ ಹಿಡಿದು ನೋಡಿದ. ಮನೆಯ ನಲ್ಲಿಯ ನೀರಿಗೆ ಔಷಧ ಬಿಟ್ಟು ನೋಡಿದ. ಎರಡೂ ಸರಿಯಾಗಿದ್ದವು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಗೆರೆ ಎಳೆದಂತೆ ಅಳೆದು ಹಾಕಿ, "ಇದನ್ನ ಕುಡಿಸ್ತಾ ಇರು. ನಾನು ಎಲ್ಲಿ ಸೋರ್ತಿದೆ ನೋಡ್ಕೊಂಡು ಬರ್ತೀನಿ" ಎಂದು ಹೊರಟ.

ಹೊರಗೆ ಚಾವಿ ಸಿಕ್ಕಿದ. ವಿಷಯ ಕೇಳಿ ಅವನ ಮುಖ ಯಾಕೋ ಸಣ್ಣದಾಯಿತು. ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿದ. ಪಾಯಿಂಟಣ್ಣ ಅದನ್ನು ಗಮನಿಸಲಿಲ್ಲ. "ಮೇಲಿನ ವಾಲ್ವ್ ತೆಗಿ, ಬೇಗ" ಎಂದು ಮುಂದೆ ನಡೆದ.

ಮೊದಲು ತನ್ನ ಬೀದಿ. ಆಮೇಲೆ ಹಿಂದಿನ ಬೀದಿ, ಅದೇ ಕೊಳವೆ ಕವಲೊಡೆಯುವ ಜಾಗ. ಮಿಲ್ಲಿನ ಮುಂದಿನದು, ಸೈಕಲ್ ರಿಪೇರಿಯವನ ಅಂಗಡಿಯದು, ಹೆಣ್ಣುಮಕ್ಕಳ ಶಾಲೆಯದು. ಪ್ರತಿ ನಲ್ಲಿಯನ್ನೂ ಎರಡು ನಿಮಿಷ ಹರಿಯಬಿಟ್ಟು, ನಳಿಗೆ ಮೂರು ಸಲ ತೊಳೆದು, ಆಮೇಲೆ ಹಿಡಿಯುವುದು ನಿಯಮ. ಒಂದು ಕಡೆಯೂ ಅವನು ನಿಯಮ ತಪ್ಪಲಿಲ್ಲ. ಮನೆಗಳ ಬಾಗಿಲು ತಟ್ಟಿ, "ನಿಮ್ಮಲ್ಲಿ ಯಾರಿಗಾದ್ರೂ ಹೊಟ್ಟೆ ಕೆಟ್ಟಿದ್ಯಾ?" ಎಂದು ಕೇಳಿದ. ಯಾರಿಗೂ ಕೆಟ್ಟಿರಲಿಲ್ಲ. ಎಲ್ಲೆಲ್ಲೂ ಅದೇ ತೆಳು ಹಳದಿ.

ಮಧ್ಯಾಹ್ನ ಮಗಳ ಫೋನು ಬಂದಾಗ ಅವನು ಶಾಲೆಯ ಗೋಡೆಯ ಹತ್ತಿರ ಇದ್ದ.

"ಅಪ್ಪಾ, ಕುಡಿಸಿದ್ದೆಲ್ಲ ಆಚೆ ಬರ್ತಿದೆ. ಲೋಟದಲ್ಲಿ ಕೊಟ್ರೂ ಅಷ್ಟೇ, ಬಾಟಲಲ್ಲಿ ಕೊಟ್ರೂ ಅಷ್ಟೇ. ಅಳ್ತಾಳೆ, ಕಣ್ಣಲ್ಲಿ ನೀರೇ ಬರ್ತಿಲ್ಲ. ಆಸ್ಪತ್ರೆಗೆ ಕರ್ಕೊಂಡು ಹೋಗ್ಲಾ?"

"ಇರು, ಇನ್ನೊಂದು ಬೀದಿ ಬಾಕಿ ಇದೆ. ಎಲ್ಲಿಂದ ಬಂತು ಅಂತ ಗೊತ್ತಿಲ್ದೆ ಡಾಕ್ಟರಿಗೆ ಏನು ಹೇಳ್ತೀಯಾ?"

"ಎಲ್ಲಿಂದ ಬಂದ್ರೇನಪ್ಪಾ…"

"ಬಂದ್ಬಿಟ್ಟೆ ಅಂದ್ನಲ್ಲ."

ಅವಳು ಕಾದಳು. ಅಪ್ಪ ಬಂದುಬಿಡುತ್ತೇನೆ ಎಂದ ಮೇಲೆ ಕಾಯುವುದು ಅವಳ ಅಭ್ಯಾಸ.

ಅವನು ಬಂದಾಗ ನಾಲ್ಕು ಗಂಟೆ ಮೀರಿತ್ತು. ಬಿಸಿಲಿಗೆ ಮುಖ ಕಪ್ಪಾಗಿತ್ತು, ಆದರೆ ಹಾಲು ಕುಡಿದಷ್ಟು ಸಂತೋಷ. ಹೊಸ್ತಿಲ ಮೇಲೆ ನಿಂತೇ, ಒಳಗಿನ ಕೋಣೆಗೆ ಕೇಳುವ ಹಾಗೆ, ಎಷ್ಟು ಕಡೆ ನೋಡಿದೆ ಎಂದು ಸಾರಿದ. "ಎಲ್ಲಾ ಸರಿಯಾಗಿದೆ ಕಣೇ! ನೀರಿಂದ ಬಂದಿದ್ದಲ್ಲ. ಹಾಗಾದ್ಮೇಲೆ ಭಯ ಇಲ್ಲ. ಹಲ್ಲು ಬರೋ ಹೊತ್ತು, ಅದಕ್ಕೆ ಹೀಗೆ."

ಒಳಗೆ ಹೋಗಿ ನೋಡಿದ. ಗುಂಡು ಚಾಪೆಯ ಮೇಲೆ ಮಲಗಿದ್ದಳು. ಕಣ್ಣು ಒಳಕ್ಕೆ ಇಳಿದಿತ್ತು. ನೆತ್ತಿಯಲ್ಲಿ ಹೆಬ್ಬೆರಳಿನಷ್ಟು ಹಳ್ಳ. ಮಗಳು ಕೂಸಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ಬಿಟ್ಟಳು. ಅದು ಹಿಡಿದ ಹಾಗೆಯೇ ನಿಂತು, ಬಹಳ ನಿಧಾನವಾಗಿ ಇಳಿಯಿತು. ಮೈ ತುಂಬ ಮಡಿಕೆ ಇದ್ದ ಮಗು ಒಂದು ಹಗಲಿನಲ್ಲಿ ಬೇರೆ ಯಾರದೋ ಮಗುವಾಗಿತ್ತು.

"ಪಾಯಿಂಟ್" ಎಂದ ಅವನು, ಕೂಸಿನ ಕಿವಿಯ ಹತ್ತಿರ ಬಗ್ಗಿ.

ಗುಂಡು ಕಣ್ಣು ಹೊರಳಿಸಲಿಲ್ಲ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮಗುವನ್ನು ಅವರ ಕೈಯಿಂದ ಕಿತ್ತುಕೊಂಡ ಹಾಗೆ ತೆಗೆದುಕೊಂಡಳು. ಕೈಯಲ್ಲಿ ನರ ಸಿಗಲಿಲ್ಲ, ಕಾಲಲ್ಲಿ ಸಿಗಲಿಲ್ಲ. ಮೈಯಲ್ಲಿ ನೀರಿಲ್ಲದಿದ್ದರೆ ನರಗಳು ಬತ್ತಿದ ಕೊಳವೆಯಂತೆ ಚಪ್ಪಟೆಯಾಗುತ್ತವೆ. ಕೊನೆಗೆ ಮೊಣಕಾಲ ಕೆಳಗಿನ ಮೂಳೆಗೇ ಸೂಜಿ ಇಳಿಸಿ ದ್ರವ ಬಿಟ್ಟರು. ಪಾಯಿಂಟಣ್ಣ ಗೋಡೆಗೆ ಒರಗಿ, ಆ ಸೀಸೆಯಿಂದ ತೊಟ್ಟಿಕ್ಕುವುದನ್ನೇ ಕಣ್ಣು ಕೀಳದೆ ನೋಡಿದ. ಸ್ವಲ್ಪ ಹೊತ್ತಿನ ನಂತರ ಡಾಕ್ಟರಮ್ಮ ಹೊರಗೆ ಬಂದಾಗ ಅವನೇ ಮೊದಲು ಮಾತಾಡಿದ.

"ನೀರಿಂದ ಆಗಿದ್ದಲ್ಲ ಡಾಕ್ಟರಮ್ಮ. ನಾನು ಎಲ್ಲಾ ಕಡೆ ನೋಡಿದೀನಿ."

"ನೀರಿಂದ ಅಂತ ನಾನು ಹೇಳಿಲ್ವಲ್ಲ. ಪರೀಕ್ಷೆ ಮಾಡಿದ್ವಿ, ರೋಟಾ ವೈರಸ್. ಭೇದಿ ಆದ ಮಗು ಒಂದು ಆಟದ ಸಾಮಾನು ಮುಟ್ಟಿರುತ್ತೆ, ಇನ್ನೊಂದು ಮಗು ಅದನ್ನ ಬಾಯಿಗೆ ಇಟ್ಕೊಳುತ್ತೆ, ಅಷ್ಟೇ ಸಾಕು. ಕಣ್ಣಿಗೆ ಕಾಣದ ಚೂರು ಸಾಕು. ನೀರು ಎಷ್ಟೇ ಚೆನ್ನಾಗಿದ್ರೂ ತಪ್ಪಲ್ಲ." ಆಮೇಲೆ ಮಗಳ ಕಡೆ ತಿರುಗಿ ಕೇಳಿದಳು: "ಹನಿ ಹಾಕ್ಸಿದ್ರಾ?"

ಮಗಳು ನೆಲ ನೋಡಿದಳು. ಅಪ್ಪನ ಕಡೆ ನೋಡಲಿಲ್ಲ. ನೋಡಿದ್ದರೆ ಅವನಿಗೆ ಎಷ್ಟೋ ವಾಸಿ ಆಗುತ್ತಿತ್ತು.

"ಹಾಕ್ಸಿದ್ರೂ ಬರಲ್ಲ ಅಂತಲ್ಲ" ಎಂದಳು ಡಾಕ್ಟರಮ್ಮ, ಯಾರಿಗೆ ಸಮಾಧಾನ ಹೇಳುತ್ತಿದ್ದಾಳೆಂದು ತಿಳಿಯದ ದನಿಯಲ್ಲಿ. "ಬಂದ್ರೂ ಸಾಮಾನ್ಯವಾಗಿ ಈ ಮಟ್ಟಕ್ಕೆ ಹೋಗಲ್ಲ. ಬೆಳಿಗ್ಗೇನೇ ಕರ್ಕೊಂಡು ಬಂದಿದ್ರೂ… ಚಮಚದಲ್ಲಿ, ನಿಮಿಷಕ್ಕೊಂದು ಗುಟುಕು ಕೊಡಿಸ್ತಿದ್ವಿ. ವಾಂತಿ ಆದ್ರೂ ಬಿಡದೆ ಕೊಡಿಸ್ತಿದ್ವಿ." ಮಾತು ಅಲ್ಲಿಗೇ ನಿಲ್ಲಿಸಿ ಒಳಗೆ ಹೋದಳು.

ಬೆಳಕು ಹರಿಯುವ ಮೊದಲು ಗುಂಡು ಹೋಗಿಬಿಟ್ಟಳು. ಅಳಿಯನ ಲಾರಿ ಇನ್ನೂ ಒಂದು ದಿನದ ದಾರಿಯಷ್ಟು ದೂರದಲ್ಲಿತ್ತು.

ಚಾವಿ ಮನೆಗೆ ಬಂದದ್ದು ಮೂರನೆಯ ದಿನ. ಕಬ್ಬಿಣದ ಚಾವಿ ತಂದಿರಲಿಲ್ಲ. ಅದಿಲ್ಲದೆ ಅವನ ಹೆಗಲು ಒಂದು ಕಡೆ ಎತ್ತಿಕೊಂಡು ವಿಚಿತ್ರವಾಗಿ ಕಾಣುತ್ತಿತ್ತು. ಬಾಗಿಲ ಹೊರಗೇ ಕೂತ.

"ಅಣ್ಣಾ, ನಾನು ಹೇಳ್ಬಿಡ್ತೀನಿ. ಹೇಳ್ದೆ ಇದ್ರೆ ಅನ್ನ ಇಳಿಯಲ್ಲ. ಗುಂಡುಗೆ ಹುಷಾರು ತಪ್ಪೋಕೆ ಎರಡು ದಿನ ಮುಂಚೆ ನಮ್ಮ ಹುಡುಗನ್ನ ಇಲ್ಲಿಗೆ ಕರ್ಕೊಂಡು ಬಂದಿದ್ನಲ್ಲ, ಇಬ್ರೂ ಅವಳ ರಬ್ಬರ್ ಬಳೆ ಕಚ್ಕೊಂಡು ಆಡಿದ್ರಲ್ಲ. ಅವನಿಗೆ ಆಗ ಹೊಟ್ಟೆ ಸ್ವಲ್ಪ ಸಡಿಲ ಇತ್ತು. ಎರಡು ದಿನ, ಅಷ್ಟೇ. ಆಡ್ಕೊಂಡೇ ಇದ್ದ. ನಾವ್ಯಾರೂ ತಲೆ ಕೆಡಿಸ್ಕೊಂಡಿರ್ಲಿಲ್ಲ. ನೀನು ಅವತ್ತು ಬೀದಿಲಿ ಸಿಕ್ಕಾಗ ಹೇಳೋಣ ಅಂತ ಬಾಯಿವರೆಗೂ ಬಂತಣ್ಣ. ಆದ್ರೆ ನೀನು ನೀರು ಅಂತಿದ್ದೆ. ನೀರಿನ ವಿಷಯದಲ್ಲಿ ನಿಂಗೆ ನಾನೇನು ಹೇಳ್ಲಿ?"

ಪಾಯಿಂಟಣ್ಣ ಕೇಳಿದ: "ನಿಮ್ಮ ಹುಡುಗನಿಗೆ ಹನಿ ಹಾಕ್ಸಿದ್ರಾ?"

"ಹ್ಞೂಂ. ಮೂರು ಸಲಾನೂ." ಚಾವಿ ತಲೆ ತಗ್ಗಿಸಿದ. "ನಂಗೇನು ಅದೆಲ್ಲ ತಿಳೀತದಾ? ಪುಕ್ಕಟೆ ಕೊಡ್ತಾರಲ್ಲ, ಬೇಡ ಅನ್ನೋದ್ಯಾಕೆ ಅಂತ ಹಾಕ್ಸಿದ್ದು."

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಪಾಯಿಂಟಣ್ಣ ಪ್ರಯತ್ನಪಟ್ಟ. ಸಿಟ್ಟು ಬರಲಿಲ್ಲ. ಇಬ್ಬರು ಮಕ್ಕಳು, ಒಂದೇ ಬಳೆ, ಒಂದೇ ವೈರಸ್. ಒಂದು ಮಗು ಮೂರನೆಯ ದಿನ ಅಂಗಳದಲ್ಲಿ ಆಡುತ್ತಿತ್ತು. ಇದಕ್ಕಿಂತ ಶುದ್ಧವಾದ ಪರೀಕ್ಷೆಯನ್ನು ಅವನ ಪೆಟ್ಟಿಗೆ ಎಂದೂ ಮಾಡಿರಲಿಲ್ಲ.

ಅವನು ಕೆಲಸಕ್ಕೆ ಹೋಗುವುದನ್ನು ಬಿಡಲಿಲ್ಲ. ಮನೆಯಲ್ಲಿ ಕೂತರೆ ಯಂತ್ರದ ಸದ್ದು. ಮೊದಲು ಆ ಸದ್ದಿನ ನಡುವೆ ಮಾತಿರುತ್ತಿತ್ತು, ಈಗ ಬರೀ ಸದ್ದು. ಮಗಳು ಬಡಿಸುತ್ತಿದ್ದಳು, ಬಟ್ಟೆ ಒಗೆದು ಹಾಕುತ್ತಿದ್ದಳು, "ಸಾಕಾ?" "ಹ್ಞೂಂ" ಬಿಟ್ಟರೆ ಬೇರೆ ಮಾತಿಲ್ಲ. ಅಳಿಯ ಬಂದು ಹತ್ತು ದಿನ ಇದ್ದ. ಹೋಗುವಾಗ ಬಿಂದಿಗೆಯ ಮುಚ್ಚಳದ ಮೇಲಿನ ಭಾರವನ್ನು ತೆಗೆದು ನೆಲದ ಮೇಲಿಟ್ಟು ಹೋದ. ಯಾರೂ ಅದನ್ನು ಮತ್ತೆ ಮೇಲಿಡಲಿಲ್ಲ.

ನಲ್ಲಿಯ ಸಾಲಿನಲ್ಲಿ ಹೆಂಗಸರು ಅವನನ್ನು ಕಂಡರೆ ದನಿ ತಗ್ಗಿಸುತ್ತಿದ್ದರು. ತಗ್ಗಿಸಿದ ದನಿ ಹೆಚ್ಚು ದೂರ ಕೇಳುತ್ತದೆ. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ" ಎಂದಳು ಒಬ್ಬಳು. "ಪಾಪ ಸುಮ್ನಿರೇ, ಕೇಳಿಸ್ಕೊಂಡಾನು" ಎಂದಳು ಇನ್ನೊಬ್ಬಳು. ಕೇಳಿಸಿಕೊಂಡಿದ್ದ. ಕೊಡ ತುಂಬುವವರೆಗೂ ಬದಿಗೆ ನಿಂತು, ಅವರು ಹೋದ ಮೇಲೆ ನಳಿಗೆ ಹಿಡಿದ.

ಆಗ ಅವನೊಳಗೆ ಒಂದು ಆಸೆ ಹುಟ್ಟಿಕೊಂಡಿತು. ಅದನ್ನು ಅವನು ಯಾರಿಗೂ ಹೇಳಿಲ್ಲ, ಹೇಳುವಂಥದ್ದೂ ಅಲ್ಲ. ನಳಿಗೆಯಲ್ಲಿ ಬಣ್ಣ ಬರದಿರಲಿ ಎಂಬ ಆಸೆ. ಎಲ್ಲಾದರೂ ಒಂದು ಕಡೆ ನೀರು ಕೆಟ್ಟಿರಲಿ. ಒಂದು ಸೀಳು ಸಿಗಲಿ. ಪ್ರತಿ ದಿನ ಔಷಧ ಬಿಟ್ಟು ಉಸಿರು ಹಿಡಿದು ಕಾಯುತ್ತಿದ್ದ. ಪ್ರತಿ ದಿನವೂ ಆ ತೆಳು ಹಳದಿ ಮೂಡುತ್ತಿತ್ತು. ಬಿಂದಿಗೆಯ ನೀರನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದ. ಮನೆಯ ನಲ್ಲಿಯದನ್ನೂ ಕಳಿಸಿದ. ಎರಡೂ ಕುಡಿಯಲು ಯೋಗ್ಯ ಎಂದು ಬಂತು. ನೀರು ತಪ್ಪಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ನೀರು ತಪ್ಪಿರಲಿಲ್ಲ.

ಆರನೆಯ ವಾರ ನರ್ಸಮ್ಮ ಮನೆಗೆ ಬಂದಳು. ಲಸಿಕೆ ಬಿಟ್ಟುಹೋದ ಮಗು ಹೀಗೆ ಹೋದಾಗ ಮನೆಗೆ ಬಂದು ನಡೆದದ್ದನ್ನು ವಿಚಾರಿಸುವುದು ಅವರ ಕೇಂದ್ರದ ಪದ್ಧತಿ. ಮುಂದಿನವರಿಗೆ ಏನು ತಿಳಿಹೇಳಬೇಕು ಎಂದು ತಿಳಿಯಲು. ಚೀಲಗಳ ಗುಡ್ಡೆಯನ್ನು ಸರಿಸಿ ಮಗಳು ಕುರ್ಚಿ ಕೊಟ್ಟಳು. ತಾನು ಮತ್ತೆ ಯಂತ್ರದ ಮುಂದೆ ಕೂತು, ಬೆನ್ನು ತಿರುಗಿಸಿಕೊಂಡೇ ಹೊಲಿಯುತ್ತಿದ್ದಳು. ಪಾಯಿಂಟಣ್ಣ ಗೋಡೆಯ ಬದಿಗೆ ನೆಲದ ಮೇಲೆ ಕೂತ.

"ನಿಮ್ಮನ್ನ ನೋಯ್ಸೋಕೆ ಬಂದಿಲ್ಲ ಯಜಮಾನ್ರೇ" ಎಂದಳು ನರ್ಸಮ್ಮ. "ನಂಗೂ ಅವತ್ತು ಇನ್ನೊಂದು ಮಾತು ಜಾಸ್ತಿ ಹೇಳ್ಬೇಕಿತ್ತು ಅನ್ಸುತ್ತೆ. ನೀವು ತಮಾಷೆ ಮಾಡಿದ್ರಿ, ಎಲ್ರ ಜೊತೆ ನಾನೂ ನಕ್ಬಿಟ್ಟೆ."

"ನಿಮ್ದೇನಿಲ್ಲ ಬಿಡಿ."

"ವಾಂತಿ ಶುರುವಾಗಿದ್ದು ಬೆಳಿಗ್ಗೆ. ಆಸ್ಪತ್ರೆಗೆ ಹೋಗಿದ್ದು ಸಂಜೆ. ಮಧ್ಯೆ ಏನಾಯ್ತು ಅಂತ ಕೇಳ್ಬೇಕಿತ್ತು. ಗಾಡಿ ಸಿಗ್ಲಿಲ್ವಾ? ಬೇರೆ ಏನಾದ್ರೂ ಔಷಧ ಕೊಟ್ರಾ?"

"ಇಲ್ಲ" ಎಂದ ಅವನು. "ನಲ್ಲಿ ನೋಡ್ತಿದ್ದೆ."

"ಅಂದ್ರೆ?"

ಯಂತ್ರದ ಸದ್ದು ನಿಂತಿತು. ಮಗಳು ಸೂಜಿಯ ಕೆಳಗೆ ಸಿಕ್ಕಿದ್ದ ಚೀಲವನ್ನು ಹಾಗೆಯೇ ಬಿಟ್ಟು, ಇತ್ತ ತಿರುಗಿದಳು. ಎಷ್ಟೋ ದಿನಗಳ ನಂತರ ಅವಳು ಅಪ್ಪನ ಮುಖವನ್ನು ನೇರವಾಗಿ ನೋಡುತ್ತಿದ್ದಳು. ಬೈಯುವ ಮುಖವಲ್ಲ ಅದು, ಅಳುವ ಮುಖವೂ ಅಲ್ಲ. ಮರೆತುಹೋದ ಒಂದು ವಿಷಯವನ್ನು ಕೇಳಿ ತಿಳಿದುಕೊಳ್ಳುವವಳ ಹಾಗೆ ಕೇಳಿದಳು:

"ಎಷ್ಟು ನಲ್ಲಿ ಅಪ್ಪಾ? ಅವತ್ತು ಬಾಗಿಲಲ್ಲಿ ನಿಂತ್ಕೊಂಡು ಕೂಗಿ ಹೇಳ್ದೆಯಲ್ಲ. ನಾನು ಒಳಗೆ ಗುಂಡು ಹತ್ರ ಕೂತಿದ್ದೆ, ಕೇಳಿಸ್ತು. ಸಿಸ್ಟರಿಗೆ ಹೇಳು, ಎಷ್ಟು?"

ಕೇಳಿದ ಲೆಕ್ಕಕ್ಕೆ ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

"ಮೂವತ್ತೊಂದು."